ಸ್ಕಿಜೋಫ್ರೇನಿಯಾ: ಬುದ್ಧಿಯ ಮಂಕಿಗೆ ಪೂರಕ ಗುಳಿಗೆ ಇದೆಯೇ?

ಹೋದ ವರ್ಷದ ಜಾತ್ರೆಯ ಸಂದರ್ಭದಲ್ಲಿ ಶ್ರೀಮಠದ ಆವರಣದಲ್ಲಿ ಏರ್ಪಟ್ಟಿದ್ದ ಆರೋಗ್ಯ ತಪಾಸಣಾ ಶಿಬಿರಕ್ಕೆ, ಮಧ್ಯಾಹ್ನದ ದಾಸೋಹ ಮುಗಿಯುವ ಹೊತ್ತಿಗೆ, ತಾಯಿಯೊಬ್ಬರು ಮಗನನ್ನು ಕರೆದುಕೊಂಡು ಬಂದರು. ಮಗನಿಗೆ ಇಪ್ಪತ್ತೇಳರ ಪ್ರಾಯ, ಬಿ.ಕಾಂ. ಮುಗಿಸಿದವನು. ಐದು ವರ್ಷಗಳ ಹಿಂದೆ ಅವನಿಗೆ ಯಾರೂ ಇಲ್ಲದ ಕಡೆಯಿಂದ ದನಿಗಳು ಕೇಳತೊಡಗಿದ್ದವು; ನೆರೆಮನೆಯವರು ತನಗೆ ವಿಷವಿಡಲು ಹೊಂಚುತ್ತಿದ್ದಾರೆಂಬ ಶಂಕೆ ಬೇರೂರಿತ್ತು. ಚಿಕಿತ್ಸೆಯಿಂದ ಎರಡೂ ಅಡಗಿದ್ದವು. ಆದರೂ ತಾಯಿಯ ಮುಖದಲ್ಲಿ ನೆಮ್ಮದಿ ಇರಲಿಲ್ಲ. “ಸಾಹೇಬ್ರ, ದನಿ ಕೇಳೂದು ನಿಂತೈತ್ರಿ, ರಾತ್ರಿ ನಿದ್ದಿನೂ ಮಾಡ್ತಾನ. ಆದ್ರ ಮೊದಲಿನ ಹುಡುಗ ಅಲ್ರಿ. ಅಂಗಡ್ಯಾಗ ಕುಂದ್ರಿಸಿದ್ರ ಚಿಲ್ಲರಿ ಲೆಕ್ಕ ತಪ್ಪತಾನ, ಮೂರು ಸಾಮಾನು ಹೇಳಿದ್ರ ಒಂದು ತರ್ತಾನ. ಅವರಪ್ಪ ಮೈಗಳ್ಳ ಅಂತ ಬೈತಾರ್ರಿ. ಬುದ್ಧಿ ಚುರುಕಾಗಾಕ ಈ ಗುಳಿಗಿ ಜೋಡಿ ಇನ್ನೊಂದು ಗುಳಿಗಿ ಬರದ ಕೊಡ್ರಿ” ಎಂದರು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಆ ತಾಯಿ ಕೇಳಿದ ಪ್ರಶ್ನೆಯನ್ನೇ ಜಗತ್ತಿನ ಮನೋವೈದ್ಯ ವಿಜ್ಞಾನ ಕಳೆದ ಎರಡು-ಮೂರು ದಶಕಗಳಿಂದ ಕೇಳಿಕೊಳ್ಳುತ್ತ ಬಂದಿದೆ. ಶಿಬಿರದ ಗದ್ದಲದಲ್ಲಿ ಅವರಿಗೆ ಪೂರ್ಣವಾಗಿ ಉತ್ತರಿಸಲಾಗಲಿಲ್ಲ. ಇಂತಹ ರೋಗಿಗಳಿರುವ ಮನೆಗಳು ನಮ್ಮ ಭಕ್ತಸಮೂಹದಲ್ಲಿ ಹಲವಿವೆಯಾದ್ದರಿಂದ ಆ ಉತ್ತರವನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಸ್ಕಿಜೋಫ್ರೇನಿಯಾ ಅಥವಾ ಇಚ್ಚಿತ್ತ ವಿಕಲತೆ ಎಂದರೆ ಭ್ರಮೆ, ಶಂಕೆ, ಅಸಂಬದ್ಧ ಮಾತು ಎಂದೇ ಸಾಮಾನ್ಯ ಜನರ ತಿಳಿವಳಿಕೆ. ಕಣ್ಣಿಗೆ ಬೀಳುವ ಈ ಲಕ್ಷಣಗಳ ಹಿಂದೆ ಸದ್ದಿಲ್ಲದ ಇನ್ನೊಂದು ತೊಂದರೆ ಇರುತ್ತದೆ. ಗಮನ ನಿಲ್ಲದಿರುವುದು, ಕೇಳಿದ್ದನ್ನು ಕ್ಷಣಕಾಲ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಲಾಗದಿರುವುದು, ಹೊಸದನ್ನು ಕಲಿತು ನೆನಪಿಡಲು ಕಷ್ಟವಾಗುವುದು, ಆಲೋಚನೆಯ ವೇಗ ತಗ್ಗುವುದು, ಕೆಲಸದ ಹಂತಗಳನ್ನು ಯೋಜಿಸಲಾಗದಿರುವುದು, ಎದುರಿನವರ ಮುಖಭಾವ ಓದಲಾಗದಿರುವುದು ಇವೆಲ್ಲ ಅದರಲ್ಲಿ ಸೇರಿವೆ. ವೈದ್ಯರು ಇವನ್ನು ಒಟ್ಟಾಗಿ ಸಂಜ್ಞಾನ ಶಕ್ತಿಯ ಕುಗ್ಗುವಿಕೆ ಎನ್ನುತ್ತಾರೆ. ‘ಅರಿವು’ ಎಂದು ಬರೆಯಬಹುದಾಗಿತ್ತು. ಆದರೆ ಶರಣಪರಂಪರೆಯಲ್ಲಿ ಆ ಮಾತಿಗಿರುವ ಘನತೆಯೇ ಬೇರೆ. ಲೆಕ್ಕ ತಪ್ಪುವವನಿಗೆ ಅರಿವಿಲ್ಲ ಎಂದರೆ ಅದು ಅನ್ಯಾಯದ ಮಾತಾದೀತು. ಆದ್ದರಿಂದ ಇಲ್ಲಿ ‘ಬುದ್ಧಿಶಕ್ತಿ’ ಎಂಬ ಸಾದಾ ಪದವನ್ನೇ ಬಳಸುತ್ತೇನೆ.

ಇದು ಹೊಸದಾಗಿ ಕಂಡುಕೊಂಡ ಸಂಗತಿಯಲ್ಲ. ಜರ್ಮನಿಯ ವೈದ್ಯ ಎಮಿಲ್ ಕ್ರೇಪೆಲಿನ್ 1890ರ ದಶಕದಲ್ಲಿ ಈ ರೋಗವನ್ನು ವರ್ಣಿಸಿದಾಗ ಅದಕ್ಕಿಟ್ಟ ಹೆಸರು ‘ಡಿಮೆನ್ಶಿಯಾ ಪ್ರೀಕಾಕ್ಸ್’, ಅಂದರೆ ಎಳೆಯ ಪ್ರಾಯದಲ್ಲೇ ಬರುವ ಬುದ್ಧಿಕ್ಷಯ. ‘ಸ್ಕಿಜೋಫ್ರೇನಿಯಾ’ ಎಂಬ ಹೆಸರನ್ನು 1908ರಲ್ಲಿ ಕೊಟ್ಟವರು ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಝೀನ್ ಬಳಕೆಗೆ ಬಂದು ಭ್ರಮೆಗಳು ಹತೋಟಿಗೆ ಬರತೊಡಗಿದ ಮೇಲೆ ಎಲ್ಲರ ಗಮನವೂ ಅತ್ತಲೇ ಹರಿಯಿತು. ದನಿ ನಿಂತರೆ ರೋಗ ನಿಂತಂತೆ ಎಂದು ಭಾವಿಸಲಾಯಿತು. ಆದರೆ ದನಿ ನಿಂತ ಎಷ್ಟೋ ಮಂದಿ ಕೆಲಸಕ್ಕೆ ಮರಳಲಿಲ್ಲ. ಏಕೆಂದು ಹುಡುಕುತ್ತ ಹೋದಾಗ, ರೋಗಿಯೊಬ್ಬನು ಉದ್ಯೋಗ, ಸಂಸಾರ, ಸ್ವತಂತ್ರ ಜೀವನಗಳಲ್ಲಿ ಎಷ್ಟರಮಟ್ಟಿಗೆ ನೆಲೆ ನಿಲ್ಲಬಲ್ಲನೆಂಬುದನ್ನು ಭ್ರಮೆಗಳ ತೀವ್ರತೆಗಿಂತ ಬುದ್ಧಿಶಕ್ತಿಯ ಸ್ಥಿತಿಯೇ ಹೆಚ್ಚಾಗಿ ನಿರ್ಧರಿಸುತ್ತದೆಂದು 1990ರ ದಶಕದ ಅಧ್ಯಯನಗಳಿಂದ ಸ್ಪಷ್ಟವಾಯಿತು.

ಇನ್ನೊಂದು ಅಂಶವನ್ನು ತಂದೆ-ತಾಯಿಯರು ಮುಖ್ಯವಾಗಿ ತಿಳಿಯಬೇಕು. ಈ ಮಂಕು ಎಲ್ಲವೂ ಗುಳಿಗೆಯಿಂದ ಬಂದುದಲ್ಲ. ಹಲವರಲ್ಲಿ ದನಿ ಕೇಳಲಾರಂಭಿಸುವ ಮೊದಲೇ, ಪ್ರೌಢಶಾಲೆಯ ಅಥವಾ ಕಾಲೇಜಿನ ದಿನಗಳಲ್ಲೇ, ಅಂಕಗಳು ಇಳಿಯತೊಡಗಿರುತ್ತವೆ. ಒಂದು ಗುಳಿಗೆಯನ್ನೂ ನುಂಗದ ಹೊಸ ರೋಗಿಗಳನ್ನು ಪರೀಕ್ಷಿಸಿದರೂ ಈ ಕೊರತೆ ಕಾಣುತ್ತದೆ. ‘ಮಾತ್ರೆ ತಿಂದು ತಿಂದು ಹುಡುಗ ಮಂಕಾದ’ ಎಂದು ನೆಂಟರೊಬ್ಬರು ಹೇಳಿದ ಮಾತನ್ನು ನಂಬಿ ಔಷಧ ನಿಲ್ಲಿಸಿ, ಮೂರೇ ತಿಂಗಳಲ್ಲಿ ರೋಗ ಮರುಕಳಿಸಿ ಬಂದ ಕುಟುಂಬಗಳನ್ನು ನಾನು ಎಣಿಸಲಾರದಷ್ಟು ಕಂಡಿದ್ದೇನೆ. ಆದರೆ ಔಷಧಗಳದ್ದೇನೂ ಪಾಲಿಲ್ಲ ಎಂದೂ ಹೇಳುವಂತಿಲ್ಲ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಮೂಲ ಔಷಧಗಳು ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಪ್ರಭಾವವನ್ನು ತಗ್ಗಿಸಿ ಭ್ರಮೆಗಳನ್ನು ಶಮನಗೊಳಿಸುತ್ತವೆ. ಬುದ್ಧಿಶಕ್ತಿಗೆ ಅವುಗಳಿಂದ ಆಗುವ ಉಪಕಾರ ಅಲ್ಪ. ಹೊಸ ಪೀಳಿಗೆಯ ದುಬಾರಿ ಔಷಧಗಳು ಬುದ್ಧಿಯನ್ನೂ ಚುರುಕುಗೊಳಿಸುತ್ತವೆ ಎಂಬ ನಂಬಿಕೆ ಒಂದು ಕಾಲದಲ್ಲಿ ಬಲವಾಗಿತ್ತು. ಅಮೆರಿಕದಲ್ಲಿ ಸುಮಾರು 1,500 ರೋಗಿಗಳ ಮೇಲೆ ನಡೆದ ‘ಕೇಟೀ’ ಎಂಬ ದೊಡ್ಡ ಅಧ್ಯಯನದ ಬುದ್ಧಿಶಕ್ತಿ ಸಂಬಂಧಿ ಫಲಿತಾಂಶ 2007ರಲ್ಲಿ ಪ್ರಕಟವಾದಾಗ ಆ ನಂಬಿಕೆ ಕುಸಿಯಿತು. ಹಳೆಯ, ಅಗ್ಗದ ಔಷಧವಾದ ಪರ್ಫೆನಝೀನ್‌ಗಿಂತ ಹೊಸವು ಈ ವಿಷಯದಲ್ಲಿ ಮೇಲೆನಿಸಲಿಲ್ಲ. ಎಲ್ಲವುಗಳಿಂದಲೂ ಆದ ಸುಧಾರಣೆ ಚಿಕ್ಕದೇ.

ಹಾಗಾದರೆ ಮೂಲ ಔಷಧದ ಜೊತೆಗೆ ಬುದ್ಧಿಗೆಂದೇ ಇನ್ನೊಂದನ್ನು ಸೇರಿಸಿದರೆ? ಪೂರಕ ಔಷಧದ ಆಲೋಚನೆ ಹುಟ್ಟಿದ್ದು ಹೀಗೆ. ಮೊದಲು ಕೈಗೆ ಬಂದವು ಮುಪ್ಪಿನ ಮರೆವಿನ ರೋಗವಾದ ಅಲ್ಝೈಮರ್‌ಗೆ ಕೊಡುವ ಔಷಧಗಳು. ನೆನಪು ಮತ್ತು ಗಮನಗಳಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಮೆದುಳಿನಲ್ಲಿ ಹೆಚ್ಚು ಹೊತ್ತು ಉಳಿಯುವಂತೆ ಮಾಡುವುದು ಡೊನೆಪೆಝಿಲ್‌ನ ಕೆಲಸ. ಚಿಕ್ಕ ಅಧ್ಯಯನಗಳಲ್ಲಿ ಆಸೆ ಹುಟ್ಟಿಸಿದ ಅದನ್ನು 250 ಸ್ಕಿಜೋಫ್ರೇನಿಯಾ ರೋಗಿಗಳ ಮೇಲೆ 12 ವಾರಗಳ ಕಾಲ ಪರೀಕ್ಷಿಸಿದರು. ಅರ್ಧ ಮಂದಿಗೆ ಔಷಧ, ಅರ್ಧ ಮಂದಿಗೆ ಅದರಂತೆಯೇ ಕಾಣುವ ಹುಸಿ ಗುಳಿಗೆ. 2008ರಲ್ಲಿ ಪ್ರಕಟವಾದ ಫಲಿತಾಂಶ ಓದಲು ಸ್ವಾರಸ್ಯಕರವಾಗಿದೆ. ಡೊನೆಪೆಝಿಲ್ ನುಂಗಿದವರ ಪರೀಕ್ಷಾಂಕಗಳು ಏರಿದ್ದವು. ಹುಸಿ ಗುಳಿಗೆ ನುಂಗಿದವರ ಅಂಕಗಳೂ ಏರಿದ್ದವು! ಅದೇ ಬಗೆಯ ಪರೀಕ್ಷೆಯನ್ನು ಮತ್ತೆ ಮತ್ತೆ ಬರೆದರೆ ಕೈ ಪಳಗುತ್ತದೆ. ಆ ಪಳಗುವಿಕೆಯೇ ಅಂಕವನ್ನು ಏರಿಸಿತ್ತು.

ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಯಾವ ಜಾಹೀರಾತಿಗೂ ಮರುಳಾಗುವ ಪ್ರಮೇಯವಿಲ್ಲ. ‘ನಮ್ಮ ಟಾನಿಕ್ ಕುಡಿದ ಮೇಲೆ ನೆನಪು ಇಷ್ಟು ಪಾಲು ಹೆಚ್ಚಿತು’ ಎಂದರೆ, ಕುಡಿಯದವರ ನೆನಪು ಅದೇ ಅವಧಿಯಲ್ಲಿ ಎಷ್ಟು ಹೆಚ್ಚಿತು ಎಂದು ಕೇಳಬೇಕು. ಆ ಲೆಕ್ಕವಿಲ್ಲದೆ ಮೊದಲ ಲೆಕ್ಕಕ್ಕೆ ಅರ್ಥವಿಲ್ಲ.

ಅಲ್ಝೈಮರ್‌ನ ಮತ್ತೊಂದು ಔಷಧ ಮೆಮಾಂಟಿನ್ ಕೂಡ ಇಂತಹ ಪರೀಕ್ಷೆಯಲ್ಲಿ ಸೋತಿತು. ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್‌ಗಳಿಂದಲೂ ಭರವಸೆಯಿಟ್ಟು ಬರೆದುಕೊಡುವಂತಹ ಲಾಭ ದೊರೆಯಲಿಲ್ಲ. ಇನ್ನೊಂದು ದಾರಿ ಗ್ಲುಟಮೇಟ್ ಎಂಬ ರಾಸಾಯನಿಕದ್ದು. ಅದರ ಒಂದು ಗ್ರಾಹಕ ಸರಿಯಾಗಿ ಕೆಲಸ ಮಾಡದಿರುವುದೇ ಬುದ್ಧಿಯ ಮಂಕಿಗೆ ಕಾರಣವಿರಬಹುದೆಂಬ ಸಿದ್ಧಾಂತದ ಮೇಲೆ ಗ್ಲೈಸಿನ್ ಮತ್ತು ಡಿ-ಸೈಕ್ಲೋಸೆರಿನ್ ಪ್ರಯೋಗವಾದವು. 2007ರಲ್ಲಿ ಅವೂ ಹುಸಿ ಗುಳಿಗೆಗಿಂತ ಮೇಲಲ್ಲವೆಂದು ತಿಳಿಯಿತು. ಸ್ಕಿಜೋಫ್ರೇನಿಯಾ ಇರುವವರಲ್ಲಿ ಬೀಡಿ-ಸಿಗರೇಟಿನ ಚಟ ಹೆಚ್ಚು. ನಿಕೋಟಿನ್ ಕ್ಷಣಕಾಲ ಗಮನವನ್ನು ಚುರುಕುಗೊಳಿಸುತ್ತದೆ ಎಂಬುದನ್ನು ಹಿಡಿದು, ಮೆದುಳಿನ ಅದೇ ಗ್ರಾಹಕವನ್ನು ತಟ್ಟುವ ಎನ್ಸೆನಿಕ್ಲಿನ್ ಎಂಬ ಔಷಧವನ್ನು ರೂಪಿಸಿದರು. ಅದು 2016ರಲ್ಲಿ ಅಂತಿಮ ಹಂತದಲ್ಲಿ ವಿಫಲವಾಯಿತು.

ಇತ್ತೀಚಿನ ನಿರಾಶೆ ಐಕ್ಲೆಪೆರ್ಟಿನ್‌ನದು. 500ಕ್ಕೂ ಹೆಚ್ಚು ರೋಗಿಗಳ ಎರಡನೆಯ ಹಂತದ ಅಧ್ಯಯನದಲ್ಲಿ ಅದು ಬುದ್ಧಿಶಕ್ತಿಯನ್ನು ಸ್ವಲ್ಪಮಟ್ಟಿಗೆ ಹೆಚ್ಚಿಸಿದ್ದು 2021ರಲ್ಲಿ ಪ್ರಕಟವಾದಾಗ ನಾನೂ ಸೇರಿದಂತೆ ಹಲವು ವೈದ್ಯರು ಕಿವಿ ನಿಮಿರಿಸಿದ್ದೆವು. ಅನೇಕ ದೇಶಗಳಲ್ಲಿ ನಡೆದ ಮೂರು ದೊಡ್ಡ ಅಂತಿಮ ಹಂತದ ಪರೀಕ್ಷೆಗಳಲ್ಲಿ ಅದು ಗುರಿ ಮುಟ್ಟಲಿಲ್ಲವೆಂದು 2025ರ ಜನವರಿಯಲ್ಲಿ ಅದನ್ನು ತಯಾರಿಸಿದ ಕಂಪನಿಯೇ ತಿಳಿಸಿತು. ಸೋತ ಫಲಿತಾಂಶವನ್ನು ಮುಚ್ಚಿಡದೆ ಹೇಳುವುದು ವಿಜ್ಞಾನದ ಒಳ್ಳೆಯ ಗುಣ; ಆದರೆ ಕಾಯುತ್ತಿರುವ ಮನೆಗಳಿಗೆ ಅದರಿಂದ ಸಮಾಧಾನವೇನು?

ಆದ್ದರಿಂದ ಆ ತಾಯಿಗೆ ನನ್ನ ನೇರ ಉತ್ತರ ಇದು: ಸ್ಕಿಜೋಫ್ರೇನಿಯಾದಲ್ಲಿ ಬುದ್ಧಿಶಕ್ತಿಯನ್ನು ಚೇತರಿಸುತ್ತದೆಂದು ಸಿದ್ಧವಾಗಿ, ಅದಕ್ಕೆಂದೇ ಮಾನ್ಯತೆ ಪಡೆದ ಪೂರಕ ಗುಳಿಗೆ ಈವರೆಗೆ ಒಂದೂ ಇಲ್ಲ. ಬರೆದುಕೊಡುವುದು ಕಷ್ಟವಲ್ಲ, ಬರೆದುಕೊಟ್ಟರೆ ತಿಂಗಳ ಖರ್ಚು ಏರುತ್ತದೆ, ಅಡ್ಡಪರಿಣಾಮಗಳ ಪಟ್ಟಿ ಬೆಳೆಯುತ್ತದೆ.

ಇಲ್ಲಿಗೆ ಮಾತು ಮುಗಿಯಿತೆಂದು ತಿಳಿಯಬಾರದು. ನಿಜವಾಗಿ ಉಪಯೋಗಕ್ಕೆ ಬರುವ ವಿಷಯ ಇಲ್ಲಿಂದಲೇ ಆರಂಭ.

ಆ ಯುವಕನ ಔಷಧ ಚೀಟಿಯನ್ನು ಬಿಡಿಸಿ ನೋಡಿದೆ. ಮೂಲ ಔಷಧದ ಕೆಳಗೆ ಟ್ರೈಹೆಕ್ಸಿಫೆನಿಡಿಲ್ 2 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ ಎಂದಿತ್ತು. ‘ಪ್ಯಾಸಿಟೇನ್’ ಎಂಬ ಹೆಸರಿನಿಂದ ನಮ್ಮ ಕಡೆಯ ರೋಗಿಗಳಿಗೆಲ್ಲ ಪರಿಚಿತವಾದ ಗುಳಿಗೆ ಇದೇ. ಮೂಲ ಔಷಧಗಳಿಂದ ಕೆಲವರಿಗೆ ಕೈನಡುಕ, ಮೈ ಬಿಗಿತ, ಜೊಲ್ಲು ಸುರಿಯುವುದು ಆಗುತ್ತದೆ. ಅದನ್ನು ತಗ್ಗಿಸಲು ಇದನ್ನು ಕೊಡುತ್ತಾರೆ. ಆರಂಭದ ದಿನಗಳಲ್ಲಿ ಅದು ಬೇಕಾಗಬಹುದು. ಆದರೆ ಅದು ಕೆಲಸ ಮಾಡುವುದು ಅಸಿಟೈಲ್‌ಕೋಲಿನ್‌ಗೆ ಅಡ್ಡಗಟ್ಟುವ ಮೂಲಕ. ಡೊನೆಪೆಝಿಲ್ ಯಾವ ರಾಸಾಯನಿಕವನ್ನು ಉಳಿಸಲು ಹೆಣಗುತ್ತದೆಯೋ ಅದರ ದಾರಿಯನ್ನೇ ಈ ಗುಳಿಗೆ ಮುಚ್ಚುತ್ತದೆ. ಬಾಯಿ ಒಣಗುವುದು, ಮಲಬದ್ಧತೆ, ಕಣ್ಣು ಮಂಜಾಗುವುದು ಕಾಣಿಸುತ್ತವೆ. ನೆನಪು ಮಂಕಾಗುವುದು ಮಾತ್ರ ಕಾಣಿಸದೆ ‘ರೋಗದ್ದೇ ಇರಬೇಕು’ ಎಂಬ ಲೆಕ್ಕಕ್ಕೆ ಸೇರಿಬಿಡುತ್ತದೆ.

ಸಾವಿರಕ್ಕೂ ಹೆಚ್ಚು ಸ್ಕಿಜೋಫ್ರೇನಿಯಾ ರೋಗಿಗಳನ್ನು ಕುರಿತು ಅಮೆರಿಕದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಸಿಟೈಲ್‌ಕೋಲಿನ್ ತಡೆಯುವ ಔಷಧಗಳ ಒಟ್ಟು ಹೊರೆ ಹೆಚ್ಚಿದಷ್ಟೂ ಬುದ್ಧಿಶಕ್ತಿಯ ಅಂಕಗಳು ಕಡಿಮೆಯಿದ್ದುದು ಕಂಡುಬಂದಿತು. ಈ ಗುಳಿಗೆಯನ್ನು ಮುನ್ನೆಚ್ಚರಿಕೆಯೆಂದು ಎಲ್ಲರಿಗೂ ಕೊಡಬಾರದು, ಅಡ್ಡಪರಿಣಾಮ ತೀವ್ರವಾಗಿದ್ದಾಗ ಅಲ್ಪಕಾಲ ಮಾತ್ರ ಕೊಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮಲ್ಲಿ ಒಮ್ಮೆ ಚೀಟಿಯಲ್ಲಿ ಬರೆದದ್ದು ವರ್ಷಗಟ್ಟಲೆ ಮುಂದುವರಿಯುತ್ತದೆ. ವೈದ್ಯರು ಬದಲಾಗುತ್ತಾರೆ, ಚೀಟಿ ಬದಲಾಗುವುದಿಲ್ಲ. ಇದರಲ್ಲಿ ನನ್ನ ವೃತ್ತಿಯವರ ತಪ್ಪಿದೆ, ನನ್ನದೂ ಇದೆ. ಹೊರರೋಗಿ ವಿಭಾಗದ ದೀರ್ಘ ಸಾಲಿನ ಮುಂದೆ ಕುಳಿತಾಗ ‘ಅದೇ ಔಷಧ ಮುಂದುವರಿಸಿ’ ಎಂದು ಎಷ್ಟು ಬಾರಿ ಬರೆದಿದ್ದೇನೋ!

ಅಸಿಟೈಲ್‌ಕೋಲಿನ್ ತಡೆಯುವ ಗುಣ ಇದೊಂದರದ್ದೇ ಅಲ್ಲ. ನಿದ್ರೆಗೆಂದು ಕೊಡುವ ಪ್ರೊಮೆಥಝೀನ್, ನೋವಿಗೂ ಖಿನ್ನತೆಗೂ ಕೊಡುವ ಅಮಿಟ್ರಿಪ್ಟಿಲಿನ್, ನೆಗಡಿ-ತುರಿಕೆಗೆ ಅಂಗಡಿಯಿಂದ ತಂದು ನುಂಗುವ ಅವಿಲ್ ಮೊದಲಾದವೂ ಈ ಹೊರೆಗೆ ತಮ್ಮ ಪಾಲು ಸೇರಿಸುತ್ತವೆ. ನಿದ್ರೆಗೂ ಆತಂಕಕ್ಕೂ ದೀರ್ಘಕಾಲ ನುಂಗುವ ಕ್ಲೋನಝೆಪಾಮ್, ಲೊರಝೆಪಾಮ್‌ಗಳು ಬೇರೆ ದಾರಿಯಿಂದ ನೆನಪನ್ನು ಮಸುಕಾಗಿಸುತ್ತವೆ. ಕ್ಲೋಝಪಿನ್‌ಗೂ ಅಸಿಟೈಲ್‌ಕೋಲಿನ್ ತಡೆಯುವ ಗುಣ ಇದೆ. ಆದರೆ ಬೇರೆ ಔಷಧಗಳಿಗೆ ಬಗ್ಗದ ರೋಗಕ್ಕೆ ಅದೇ ಆಸರೆಯಾದ್ದರಿಂದ ಅದನ್ನು ಇದೇ ತಕ್ಕಡಿಯಲ್ಲಿ ತೂಗಬಾರದು.

ಇದನ್ನೋದಿ ಯಾರೂ ಇಂದು ರಾತ್ರಿಯೇ ಮನೆಯಲ್ಲಿ ಗುಳಿಗೆ ತೆಗೆದಿಡಬಾರದೆಂದು ಕೈಮುಗಿದು ಕೇಳುತ್ತೇನೆ. ಟ್ರೈಹೆಕ್ಸಿಫೆನಿಡಿಲ್ಲನ್ನು ಥಟ್ಟನೆ ನಿಲ್ಲಿಸಿದರೆ ಬಿಗಿತ ಮರಳಬಹುದು. ವಾಕರಿಕೆ, ಚಡಪಡಿಕೆ, ನಿದ್ರೆಗೇಡು ಆಗಬಹುದು. ಕ್ಲೋನಝೆಪಾಮ್ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವೂ ಉಂಟು. ಮೂಲ ಔಷಧವನ್ನಂತೂ ಮುಟ್ಟಲೇಬಾರದು. ಮುಂದಿನ ಭೇಟಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, “ಡಾಕ್ಟರೇ, ಇವುಗಳಲ್ಲಿ ಈಗಲೂ ಬೇಕಾದವು ಯಾವುವು, ನೆನಪಿಗೆ ತೊಡಕಾಗುವಂಥವು ಯಾವುವು, ಕಡಿಮೆ ಮಾಡಬಹುದೇ?” ಎಂದು ಕೇಳಿ. ವಾರಗಳ ಅಂತರದಲ್ಲಿ ಹಂತಹಂತವಾಗಿ ಇಳಿಸುವುದು ವೈದ್ಯರ ಕೆಲಸ. ಅದೇ ಭೇಟಿಯಲ್ಲಿ ರಕ್ತಹೀನತೆ, ಥೈರಾಯ್ಡ್, ಸಕ್ಕರೆ, ಬಿ-12 ವಿಟಮಿನ್ನುಗಳ ಪರೀಕ್ಷೆಯನ್ನೂ ಕೇಳಬಹುದು. ಇವುಗಳ ಕೊರತೆ ಯಾರ ಬುದ್ಧಿಯನ್ನಾದರೂ ಮಂಕುಗೊಳಿಸುತ್ತದೆ.

ಕುತೂಹಲದ ಸಂಗತಿಯೊಂದನ್ನು ಇಲ್ಲೇ ಹೇಳಬೇಕು. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಕ್ಸಾನೊಮೆಲಿನ್-ಟ್ರಾಸ್ಪಿಯಮ್ ಎಂಬ ಜೋಡಿ ಔಷಧಕ್ಕೆ ಮಾನ್ಯತೆ ದೊರೆಯಿತು. ಡೋಪಮೈನ್ ಗ್ರಾಹಕವನ್ನು ತಡೆಯದೆ, ಟ್ರೈಹೆಕ್ಸಿಫೆನಿಡಿಲ್ ಮುಚ್ಚುವ ಅಸಿಟೈಲ್‌ಕೋಲಿನ್ನಿನ ಬಾಗಿಲನ್ನೇ ತಟ್ಟಿ ತೆರೆಯುವ ಔಷಧ ಅದು. ಮೊದಲೇ ಬುದ್ಧಿಶಕ್ತಿ ಗಣನೀಯವಾಗಿ ಕುಗ್ಗಿದ್ದವರಲ್ಲಿ ಸ್ವಲ್ಪ ಸುಧಾರಣೆ ಕಂಡಿತೆಂದು ವಿಶ್ಲೇಷಣೆಗಳು ಸೂಚಿಸಿವೆ. ಅದು ಏಕಾಂಗಿಯಾಗಿ ಕೊಡುವ ಔಷಧವೆಂದು ಮಾನ್ಯವಾದುದು. ಬೇರೆ ಮೂಲ ಔಷಧಕ್ಕೆ ಪೂರಕವಾಗಿ ಸೇರಿಸಿ ನೋಡಿದ ದೊಡ್ಡ ಪರೀಕ್ಷೆ 2025ರಲ್ಲಿ ತನ್ನ ಮುಖ್ಯ ಗುರಿಯನ್ನು ಮುಟ್ಟಲಿಲ್ಲ. ಈ ದಾರಿಯಲ್ಲಿ ಮುಂದೇನಾಗುವುದೋ ಕಾದು ನೋಡಬೇಕು.

ಬ್ರಾಹ್ಮಿ, ಅಶ್ವಗಂಧಗಳ ಬಗ್ಗೆ ಪ್ರತಿ ಶಿಬಿರದಲ್ಲಿಯೂ ಪ್ರಶ್ನೆ ಬರುತ್ತದೆ. ಅಶ್ವಗಂಧದ ಸಾರವನ್ನು 66 ಸ್ಕಿಜೋಫ್ರೇನಿಯಾ ರೋಗಿಗಳ ಮೇಲೆ ಪೂರಕವಾಗಿ ಪರೀಕ್ಷಿಸಿ 2018ರಲ್ಲಿ ವರದಿ ಮಾಡಿದ್ದಾರೆ. ರೋಗಲಕ್ಷಣಗಳೂ ಒತ್ತಡವೂ ತಗ್ಗಿದುದು ಕಂಡಿತು. ಅದು ಚಿಕ್ಕ ಅಧ್ಯಯನ, ಬುದ್ಧಿಶಕ್ತಿಯ ಮಾತು ಬೇರೆ. ಕೆಲವರಲ್ಲಿ ಅಶ್ವಗಂಧದಿಂದ ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ. ತೆಗೆದುಕೊಳ್ಳುವುದಾದರೆ ವೈದ್ಯರಿಂದ ಮುಚ್ಚಿಡಬೇಡಿ.

ಔಷಧದ ಹೊರಗೆ ನೋಡಿದರೆ ಚಿತ್ರ ಇಷ್ಟು ಬರಿದಲ್ಲ. ಬುದ್ಧಿಶಕ್ತಿಗೆ ವ್ಯಾಯಾಮ ಕೊಡುವ ತರಬೇತಿಯ ಕುರಿತ 130 ಅಧ್ಯಯನಗಳನ್ನು, ಒಟ್ಟು 8,000ಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು, ಒಟ್ಟುಗೂಡಿಸಿ 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಬುದ್ಧಿಶಕ್ತಿಯೂ ದೈನಂದಿನ ಕಾರ್ಯಕ್ಷಮತೆಯೂ ಸಾಧಾರಣ ಪ್ರಮಾಣದಲ್ಲಿ, ಆದರೆ ಖಚಿತವಾಗಿ, ಸುಧಾರಿಸಿದ್ದು ಕಂಡಿತು. ತರಬೇತಿ ಕೊಡುವವರು ಪಕ್ಕದಲ್ಲಿದ್ದು ಉಪಾಯಗಳನ್ನು ಹೇಳಿಕೊಟ್ಟು, ಅದನ್ನು ನಿಜವಾದ ಕೆಲಸಕ್ಕೆ ಜೋಡಿಸಿದಾಗ ಫಲ ಹೆಚ್ಚು. ಮೇಲೆ ಹೆಸರಿಸಿದ ಯಾವ ಪೂರಕ ಗುಳಿಗೆಗೂ ಇಷ್ಟು ಗಟ್ಟಿಯಾದ ಆಧಾರ ಇಲ್ಲ.

ಇದಕ್ಕೆ ಕಂಪ್ಯೂಟರೇ ಬೇಕೆಂದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರೂಪುಗೊಂಡ ತರಬೇತಿಯಲ್ಲಿ ಬೆರೆಸಿದ ಕಾಳುಗಳನ್ನು ಬೇರೆಬೇರೆ ಮಾಡುವುದು, ಅಚ್ಚಾದ ಹಾಳೆಯಲ್ಲಿ ಗೊತ್ತುಪಡಿಸಿದ ಅಕ್ಷರವನ್ನು ಹುಡುಕಿ ಹೊಡೆದುಹಾಕುವುದು ಮೊದಲಾದ ಚಟುವಟಿಕೆಗಳಿವೆ. ಹೊಸದಾಗಿ ರೋಗಕ್ಕೆ ಒಳಗಾದವರಿಗೆ ಇಂತಹ ಅಭ್ಯಾಸವನ್ನು ಮನೆಯಲ್ಲೇ ಮಾಡಿಸಿ ನೋಡಿದ ಅಲ್ಲಿಯ ಅಧ್ಯಯನ 2012ರಲ್ಲಿ ಪ್ರಕಟವಾಗಿದೆ. ಕೆಲವು ಬುದ್ಧಿಶಕ್ತಿಗಳಲ್ಲಿ ಸುಧಾರಣೆ ಕಂಡಿತ್ತು. ಮೊರದಲ್ಲಿ ಕಾಳು ಹಸನು ಮಾಡುವ ಕೆಲಸ ನಮ್ಮ ಯಾವ ಮನೆಯಲ್ಲಿಲ್ಲ? ಸುಲಭದಿಂದ ಕಷ್ಟಕ್ಕೆ, ಮೊದಲು ಎರಡು ಬಗೆಯ ಕಾಳು, ಆಮೇಲೆ ನಾಲ್ಕು, ಗಡಿಯಾರವಿಟ್ಟು, ತಪ್ಪುಗಳನ್ನೆಣಿಸಿ, ದಿನವೂ ತಪ್ಪದೆ. ಹೀಗೆ ಕ್ರಮಬದ್ಧವಾಗಿ ಏರಿಸುತ್ತ ಹೋಗುವುದರಲ್ಲಿಯೇ ತರಬೇತಿಯ ಗುಟ್ಟಿದೆ. ಬೈಗುಳ ಬೆರೆತರೆ ಅದು ತರಬೇತಿಯಾಗದು.

ಬೆವರು ಬರುವಂತೆ ನಡೆಯುವುದು, ಸೈಕಲ್ ತುಳಿಯುವುದು ಬುದ್ಧಿಶಕ್ತಿಗೆ ಹಿತವೆಂಬುದಕ್ಕೂ ಆಧಾರವಿದೆ. ಔಷಧದ ಜೊತೆ ಯೋಗಾಸನವನ್ನು ಪೂರಕ ಚಿಕಿತ್ಸೆಯಾಗಿ ಕೊಟ್ಟ ನಿಮ್ಹಾನ್ಸ್ ಅಧ್ಯಯನಗಳಲ್ಲಿ ಸಾಮಾಜಿಕ ಕಾರ್ಯಕ್ಷಮತೆಯೂ ಎದುರಿನವರ ಮುಖಭಾವ ಗುರುತಿಸುವ ಶಕ್ತಿಯೂ ಉತ್ತಮಗೊಂಡವು. ಆದರೆ ದೀರ್ಘ ಧ್ಯಾನ, ದಿನಗಟ್ಟಲೆ ಮೌನ, ಉಪವಾಸ, ನಿದ್ರೆಗೆಟ್ಟ ಜಾಗರಣೆಗಳಿಂದ ಕೆಲವರಲ್ಲಿ ರೋಗ ಕೆರಳಬಹುದು. ಮಗನಿಗೆ ಒಳಿತಾಗಲೆಂದು ಕಠಿಣ ವ್ರತ ಹಿಡಿಸುವ ಹಿರಿಯರು ಇದನ್ನು ಗಮನಿಸಬೇಕು. ನಿತ್ಯದ ಅಲ್ಪಕಾಲದ ಪೂಜೆಗೆ ಯಾವ ಅಡ್ಡಿಯೂ ಇಲ್ಲ. ದಿನಚರಿಗೆ ಅದೊಂದು ಒಳ್ಳೆಯ ಗೂಟ.

ಮಾನಸಿಕ ಆರೋಗ್ಯದ ಸಲಹೆಗೆ 14416 ಸಂಖ್ಯೆಯ ಟೆಲಿ-ಮಾನಸ್ ಉಚಿತ ದೂರವಾಣಿ ಹಗಲೂ ರಾತ್ರಿಯೂ ಇದೆ, ಕನ್ನಡದಲ್ಲಿಯೇ ಮಾತನಾಡಬಹುದು. ಜಿಲ್ಲಾಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಔಷಧಗಳು ದೊರೆಯುತ್ತವೆ. ದೇಶಕ್ಕೆಲ್ಲ ಮಾದರಿಯಾದ ಈ ಕಾರ್ಯಕ್ರಮ 1980ರ ದಶಕದಲ್ಲಿ ಮೊದಲು ಪ್ರಯೋಗವಾದುದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ.

ಆ ಯುವಕನ ವೈದ್ಯರಿಗೆ ನಾನೊಂದು ಪತ್ರ ಬರೆದುಕೊಟ್ಟಿದ್ದೆ. ಅವರು ಎರಡು ತಿಂಗಳ ಅವಧಿಯಲ್ಲಿ ಟ್ರೈಹೆಕ್ಸಿಫೆನಿಡಿಲ್ಲನ್ನು ಇಳಿಸಿ ನಿಲ್ಲಿಸಿದರು, ಬಿಗಿತ ಮರಳಲಿಲ್ಲ. ತಾಯಿ ಪ್ರತಿದಿನ ಸಂಜೆ ಅರ್ಧ ಗಂಟೆ ಕಾಳು ಬೇರ್ಪಡಿಸುವ ಅಭ್ಯಾಸ ಮಾಡಿಸಿದರು. ತಂದೆಗೆ ನಾನು ಫೋನಿನಲ್ಲಿ ವಿವರಿಸಿದ ಮೇಲೆ, ಅಂಗಡಿಯಲ್ಲಿ ಒಮ್ಮೆಗೆ ಒಂದೇ ಸಾಮಾನು ಹೇಳುವುದು, ಮೂರಕ್ಕಿಂತ ಹೆಚ್ಚಿದ್ದರೆ ಚೀಟಿಯಲ್ಲಿ ಬರೆದುಕೊಡುವುದು ಎಂದು ಗೊತ್ತುಮಾಡಿಕೊಂಡರು. ಈ ಸಲದ ಶಿಬಿರಕ್ಕೆ ಮೂವರೂ ಬಂದಿದ್ದರು. ಹುಡುಗ ಮೊದಲಿನಂತಾಗಿಲ್ಲ, ಸಂಜೆಯ ಜನಸಂದಣಿಯಲ್ಲಿ ಗಲ್ಲೆಯ ಮೇಲೆ ಈಗಲೂ ಕೂರಲಾರ. ಬೆಳಗಿನ ಹೊತ್ತು ಬಂದ ಮಾಲನ್ನು ಎಣಿಸಿ ವಹಿಯಲ್ಲಿ ಬರೆಯುವ ಕೆಲಸ ಅವನದು. ತಂದೆ ಆ ವಹಿಯನ್ನು ಚೀಲದಲ್ಲಿಟ್ಟುಕೊಂಡೇ ಬಂದಿದ್ದರು. ತೆರೆದು ತೋರಿಸಿ, “ನೋಡ್ರಿ ಸಾಹೇಬ್ರ, ಈ ತಿಂಗಳು ಎರಡ ಕಡೆ ತಪ್ಪೈತಿ, ಅಷ್ಟ” ಎಂದರು.